ಏಳು ಹಗೇವು, ಒಂದು ಸೀಟಿ

ಎರಡು ವಾರದ ಹಿಂದೆ ಇದೇ ಅಂಕಣದಲ್ಲಿ ನಾನು ಬರೆದದ್ದು ಸುಳ್ಳು.

ಪೂರ್ತಿ ಸುಳ್ಳೇನೂ ಅಲ್ಲ. ದಿಬ್ಬ ಇದೆ. ಅದನ್ನು ಅಗೆದದ್ದು ನಿಜ. ಏಳು ಕುಣಿಗಳು ಸಿಕ್ಕಿದ್ದೂ ನಿಜ. ಆದರೆ "ನಾನು ಮಾಸ್ತರಿಕೆ ಮಾಡುವ ಊರಿನಲ್ಲಿ ಸಾವಿರಾರು ವರ್ಷದ ಹಿಂದೆಯೇ ಒಂದು ರಾಜ್ಯ ಇತ್ತು, ಅದರ ಕಣಜ ಸಿಕ್ಕಿದೆ, ರಾಣಿಯ ಬಳೆ ಕೂಡ ಸಿಕ್ಕಿದೆ" ಎಂದು ಬರೆದೆನಲ್ಲ, ಅಷ್ಟನ್ನು ದಯವಿಟ್ಟು ಮರೆತುಬಿಡಿ. ಆ ತುಂಡನ್ನು ಕತ್ತರಿಸಿ ಇಟ್ಟುಕೊಂಡವರು ಅದರಲ್ಲಿ ಬೆಲ್ಲ ಕಟ್ಟಿ ಯಾರಿಗಾದರೂ ಕೊಟ್ಟುಬಿಡಿ.

ಪತ್ರಗಳು ಬಂದವು ನೋಡಿ! ನನ್ನ ಅಂಕಣಕ್ಕೆ ಯಾವತ್ತೂ ಇಷ್ಟು ಪತ್ರ ಬಂದದ್ದಿಲ್ಲ. ಯಲವಿಗಿಯ ಓದುಗರೊಬ್ಬರು ರಾಜನ ಹೆಸರು ಕೇಳಿದ್ದರು. ಶಿಗ್ಗಾವಿಯ ಒಬ್ಬ ಹೆಣ್ಣುಮಗಳು ರಾಣಿಯ ಬಳೆ ಯಾವ ಬಣ್ಣದ್ದು ಎಂದು ಕೇಳಿದ್ದರು. ಹಾನಗಲ್ಲಿನ ಒಬ್ಬ ಹಿರಿಯರಿಗೆ ಮಾತ್ರ ಸಿಟ್ಟು ಬಂದಿತ್ತು. ಹಾನಗಲ್ಲಿಗಿಂತ ಹಳೆಯ ರಾಜಧಾನಿ ಈ ಸೀಮೆಯಲ್ಲಿ ಇನ್ನೊಂದು ಇರಲು ಸಾಧ್ಯವೇ ಇಲ್ಲ ಎಂದು ಕಾರ್ಡಿನ ಎರಡೂ ಬದಿಗೆ ಬರೆದಿದ್ದರು. (ವಿಳಾಸದ ಜಾಗವನ್ನೂ ಬಿಟ್ಟಿರಲಿಲ್ಲ. ಅದು ನನಗೆ ಹೇಗೆ ಮುಟ್ಟಿತೋ ಪೋಸ್ಟ್‌ಮ್ಯಾನನೇ ಬಲ್ಲ.)

ಹೋದ ವಾರವೇ ತಪ್ಪು ಒಪ್ಪಿಕೊಳ್ಳಬೇಕಿತ್ತು. ಧೈರ್ಯ ಬರಲಿಲ್ಲ. ಸವಣೂರಿನ ಸಂತೆಯಲ್ಲಿ ಒಳ್ಳೆಯ ವೀಳ್ಯದೆಲೆ ಆರಿಸುವುದು ಹೇಗೆ ಎಂದು ಬರೆದು ತಪ್ಪಿಸಿಕೊಂಡೆ. ಈ ವಾರ ತಪ್ಪಿಸಿಕೊಳ್ಳುವ ಹಾಗಿಲ್ಲ. ಯಾಕೆಂದರೆ ಚೆನ್ನವ್ವ ಮನೆ ಬಾಗಿಲಿಗೇ ಬಂದು ಕೇಳಿದ್ದಾಳೆ. "ಪೇಪರಿನ್ಯಾಗ ರಾಣಿ ಅಂತ ಬರದೀರಂತಲ್ರಿ. ಅದನ್ನ ಯಾವಾಗ ಅಳಸ್ತೀರಿ?"

ಚೆನ್ನವ್ವ ಯಾರು ಅಂತ ಹೇಳುತ್ತೇನೆ. ಅದಕ್ಕೂ ಮೊದಲು ದಿಬ್ಬದ ಸುದ್ದಿ.

ನಾನು ಹಿರೇಕೆರೂರಿನವನು ಎಂಬುದು ನಿಮಗೆ ಗೊತ್ತೇ ಇದೆ. ಮೂರು ವರ್ಷದಿಂದ ಸವಣೂರಿಗೂ ಶಿಗ್ಗಾವಿಗೂ ನಡುವಿನ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತೇನೆ, ಡ್ರಿಲ್ಲೂ ಮಾಡಿಸುತ್ತೇನೆ. ಊರ ಹೊರಗೆ ಎರಡಾಳೆತ್ತರದ ಒಂದು ದಿಬ್ಬ. ಮೇಲೆ ಜಾಲಿ, ಸುತ್ತ ಮಡಕೆಯ ಚೂರು. ಊರವರು ಅದಕ್ಕೆ ಹಾಳೂರು ಎನ್ನುತ್ತಾರೆ. ಹಿಂದೆಂದೋ ಊರು ಅಲ್ಲಿತ್ತು, ಹಾಳಾಯಿತು, ಅಷ್ಟೇ. ಯಾವಾಗ, ಯಾಕೆ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ತಲೆ ಕೆಡಿಸಿಕೊಳ್ಳುವವರು ಈ ಸಲ ಉಗಾದಿ ಮುಗಿದ ಮೇಲೆ ಬಂದರು. ಯಲವಿಗಿ ಸ್ಟೇಶನ್ನಿನಲ್ಲಿ ಇಳಿದು, ಡೇರೆ, ಪೆಟ್ಟಿಗೆ, ಜರಡಿಗಳನ್ನು ಎರಡು ಚಕ್ಕಡಿಯಲ್ಲಿ ಹೇರಿಕೊಂಡು. ಒಬ್ಬ ಪ್ರೊಫೆಸರರು, ಅವರ ಇಬ್ಬರು ಶಿಷ್ಯರು. ಪ್ರೊಫೆಸರರು ಮೈಸೂರು ಕಡೆಯವರು, ಮೆತ್ತನೆಯ ಮಾತು. ನನ್ನನ್ನು "ಮೇಷ್ಟ್ರೇ" ಎಂದು ಕರೆಯುವರು. ಊರಲ್ಲಿ ಇತಿಹಾಸ ಓದಿದವನು ನಾನೊಬ್ಬ, ಮೇಲೆ ಬೇಸಿಗೆಯ ಸೂಟಿ. ಊರಿಗೆ ಹೋಗುವುದನ್ನು ಬಿಟ್ಟು ಅವರ ಬೆನ್ನು ಹತ್ತಿದೆ.

ಅವರು ಹುಡುಕುತ್ತಿದ್ದದ್ದು ಬಂಗಾರವನ್ನಲ್ಲ. (ಊರವರು ಇದನ್ನು ಇವತ್ತಿಗೂ ನಂಬಿಲ್ಲ.) ಅವರಿಗೆ ಬೇಕಾದದ್ದು ಒಂದು ಪ್ರಶ್ನೆಗೆ ಉತ್ತರ. ಹತ್ತು ಮನೆಯ ಹಟ್ಟಿ ಊರಾಗುವುದು ಹೇಗೆ? ಊರು ಪಟ್ಟಣವಾಗುವುದು ಹೇಗೆ? ತಮ್ಮ ಪಾಡಿಗೆ ತಾವು ಉತ್ತು ಉಣ್ಣುತ್ತಿದ್ದ ಜನ, ಯಾವುದೋ ಒಂದು ದಿನ, ಯಾರದೋ ಮಾತು ಕೇಳಲು ಶುರು ಮಾಡಿದ್ದು ಯಾಕೆ?

ನಾನು ಶಾಲೆಯಲ್ಲಿ ರಾಜರ ಹೆಸರು ಬಾಯಿಪಾಠ ಮಾಡಿಸುವವನು. ರಾಜರಿಗಿಂತ ಮೊದಲು ಏನಿತ್ತು ಎಂಬುದು ನಮ್ಮ ಪುಸ್ತಕದಲ್ಲೇ ಇಲ್ಲ. ಹಾಗಾಗಿ ಚಹಾದ ಹೊತ್ತಿನಲ್ಲಿ ಅವರು ಹೇಳಿದ್ದನ್ನೆಲ್ಲ ನುಂಗಿದೆ.

"ಕಾಳನ್ನು ಹುಡುಕಿ ಮೇಷ್ಟ್ರೇ," ಎನ್ನುತ್ತಿದ್ದರು. "ಪ್ರತಿ ಮನೆಯ ಕಾಳು ಆಯಾ ಮನೆಯಲ್ಲೇ ಇರೋವರೆಗೆ ಅದು ಬರೀ ಹಳ್ಳಿ. ಎಲ್ಲರ ಕಾಳೂ ಒಂದೇ ಕಡೆ ಸೇರಿತು ಅನ್ನಿ, ಅದನ್ನು ಕಾಯೋಕೆ ಒಬ್ಬ ಬೇಕು. ಅಳೆಯೋಕೆ ಒಬ್ಬ. ಯಾರದೆಷ್ಟು ಅಂತ ಗುರುತು ಹಾಕೋಕೆ ಇನ್ನೊಬ್ಬ. ಇವರ್ಯಾರೂ ಹೊಲಕ್ಕೆ ಹೋಗೋದಿಲ್ಲ, ಆದರೂ ಉಣ್ತಾರೆ. ಅಲ್ಲಿಂದ ಶುರು. ಅರಸು ಮೊದಲು ಹುಟ್ಟೋದಿಲ್ಲ. ಮೊದಲು ಹುಟ್ಟೋನು ಕಾವಲುಗಾರ."

ಎಷ್ಟು ನಿಜ! ನಮ್ಮ ಶಾಲೆಯ ಪುಸ್ತಕದ ಕಪಾಟಿನ ಕೀಲಿ ಸಿಪಾಯಿಯ ಸೊಂಟದಲ್ಲಿರುತ್ತದೆ. ಹೆಡ್‌ಮಾಸ್ತರರಿಗೂ ಪುಸ್ತಕ ಬೇಕೆಂದರೆ ಅವನ ಮುಖ ನೋಡಿ, ಅವನ ಮೂಡು ನೋಡಿ ಕೇಳಬೇಕು. ಅವನಿಗೆ ಓದು ಬಾರದು. ಆದರೂ ನಮ್ಮ ಶಾಲೆಯ ವಿದ್ಯೆಗೆ ಅವನೇ ಒಡೆಯ. ಇದನ್ನೆಲ್ಲ ಯೋಚಿಸಿ ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಸಿಪಾಯಿಯನ್ನು ನೋಡಿ ನಕ್ಕೆನೇ ಹೊರತು ಕನ್ನಡಿ ನೋಡಿಕೊಳ್ಳಲಿಲ್ಲ.

ಅಗೆಯಲು ಆಳು ಬೇಕಾಯಿತು. ಊರವರನ್ನೇ ಕರೆಯೋಣ ಎಂದರು ಪ್ರೊಫೆಸರರು. ಬೇಡ ಎಂದವನು ನಾನು. "ನಮ್ಮೂರ ಮಂದಿ ಈ ದಿಬ್ಬದ ಮಣ್ಣನ್ನ ಬುಟ್ಟಿಗಟ್ಟಲೆ ಒಯ್ತಾರ್ರಿ ಸರ್. ಅವರನ್ನ ಒಳಗ ಬಿಟ್ರ ನಿಮಗ ಏನೂ ಉಳ್ಯಾಂಗಿಲ್ಲ" ಎಂದು ಹೆದರಿಸಿದೆ. ಕಡೆಗೆ ತಡಸದ ಕಡೆಯಿಂದ, ರಸ್ತೆ ಕೆಲಸ ಮಾಡಿದ ಒಂದು ಗ್ಯಾಂಗು ಬಂತು. ಅವರ ಮುಕಾದಮ ಹುಸೇನಸಾಬ.

ಹೋಗಿ ಬರುವವರು ಅಗೆದ ಗುಂಡಿಯಲ್ಲಿ ಬೀಳದಂತೆ ಒಂದು ಹಗ್ಗ ಕಟ್ಟಿಸಿ ಎಂದರು ಪ್ರೊಫೆಸರರು. ನಾನು ಕಟ್ಟಿಸಿದೆ. ಅಗೆಯುವ ಜಾಗ ಒಂದು ಮನೆಯಷ್ಟು. ನಾನು ಕಟ್ಟಿಸಿದ ಹಗ್ಗ ಇಡೀ ದಿಬ್ಬದ ಸುತ್ತ. ಯಾಕೆ ಅಂತೀರಾ? ಹಗ್ಗ ಉದ್ದ ಇತ್ತು, ಕಟ್ಟಿಸಿದೆ.

ಡ್ರಿಲ್ಲಿನ ಸೀಟಿ ಕೊರಳಲ್ಲಿ ಹಾಕಿಕೊಂಡೆ. ಯಾರಾದರೂ ಹಗ್ಗ ದಾಟಿದರೆ ಊದುವುದು. ಮೊದಲ ವಾರ ನಿಂತೇ ಇರುತ್ತಿದ್ದೆ. ಎರಡನೇ ವಾರ ಹುಸೇನಸಾಬ ಒಂದು ಖುರ್ಚಿ ತಂದಿಟ್ಟ. ಮೂರನೇ ವಾರ ಖುರ್ಚಿಯ ಮೇಲೆ ಛತ್ರಿ ಬಂತು. ಆಮೇಲೆ ಚಹಾ ಮೊದಲು ನನಗೆ ಬರತೊಡಗಿತು. ಯಾರೂ ಆರ್ಡರು ಹೊರಡಿಸಲಿಲ್ಲ. ತಾನಾಗಿಯೇ ಆಯಿತು.

ಇಷ್ಟರಲ್ಲಿ ಒಂದು ಮಂಗಳವಾರ, ಮುಂಜಾನೆ ಹತ್ತರ ಸುಮಾರಿಗೆ, ಚೆನ್ನವ್ವ ಬಂದಳು.

ಎಪ್ಪತ್ತರ ಹತ್ತಿರದ ಮುದುಕಿ. ನಾಲ್ಕು ಎಕರೆ ಹೊಲ, ಮಗ ಸೊಸೆ ಇಬ್ಬರೂ ದುಡಿಯುವವರು. ಮನೆ ಊರಿನ ಈ ತುದಿಗೇ ಇದೆ. ಕಂಕುಳಲ್ಲಿ ಖಾಲಿ ಬುಟ್ಟಿ. ಹಗ್ಗದ ಆಚೆ ನಿಂತಳು.

"ಮಾಸ್ತರ್ರ, ಹತ್ತ ಬುಟ್ಟಿ ಮಣ್ಣ ಒಯ್ತೇನ್ರಿ."

"ಎದಕ್ಕರಿ?"

"ಮಾಳಗಿಗಿ. ಮೊಮ್ಮಗಳು ಹಡ್ಯಾಕ ಬಂದಾಳ. ಅಕೀ ಮಲಗೂ ಖೋಲಿನ ಸೋರತೈತಿ. ರೋಹಿಣಿ ಮಳಿ ಹಿಡಿಯೂದ್ರಾಗ ಮ್ಯಾಲ ಹಾಳಮಣ್ಣ ಹಾಕಬೇಕು."

ಹಿರೇಕೆರೂರಿನಲ್ಲಿ ನಮ್ಮದು ಹಂಚಿನ ಮನೆ. ಹಾಳಮಣ್ಣಿನ ಮಹತ್ವ ನನಗೇನು ಗೊತ್ತು? ಈ ಕಡೆ ಮಣ್ಣಿನ ಮಾಳಿಗೆಯ ಮನೆಗಳು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಮಾಳಿಗೆಯ ಮೇಲೆ ಹೊಸ ಮಣ್ಣು ಹರವಿ ಬಡಿಯಬೇಕು. ಹೊಲದ ಎರೆಮಣ್ಣು ಬಿಸಿಲಿಗೆ ಬಿರಿಯುತ್ತದೆ. ಕೆರೆಯ ಮಣ್ಣು ಮಳೆಗೆ ಕರಗುತ್ತದೆ. ಹಾಳೂರಿನ ಮಣ್ಣು, ಹಳೆಯ ಬೂದಿ ಬೆರೆತ ಆ ಬಿಳಿ ಮಣ್ಣು ಮಾತ್ರ ಹನಿ ಕೂಡ ಒಳಗೆ ಬಿಡುವುದಿಲ್ಲ. ಇದನ್ನೆಲ್ಲ ನಾನು ಆಮೇಲೆ ತಿಳಿದುಕೊಂಡೆ. ಅವತ್ತು ತಿಳಿದದ್ದು ಇಷ್ಟೇ: ಹಗ್ಗ ಇದೆ, ಸೀಟಿ ಇದೆ, ಒಬ್ಬರು ಕೇಳುತ್ತಿದ್ದಾರೆ.

"ಈಗ ಬ್ಯಾಡ್ರಿ ಚೆನ್ನವ್ವಾರ. ಸಂಶೋಧನೆ ನಡದೈತಿ."

"ನಡೀಲಿ ಬಿಡ್ರಿ, ಯಾರ್ ಬ್ಯಾಡಂತಾರ? ನಾ ಆ ಮಗ್ಗಲದ ಅಂಚಿನಾಗ ತಗೋತೇನಿ. ನಾವು ತಗಿಯೂದು ಅಲ್ಲೇ."

"ಇಡೀ ದಿಬ್ಬಾನ ಸರಕಾರದ್ದು ಅಂತ ತಿಳೀರಿ."

ಮುದುಕಿ ದಿಬ್ಬವನ್ನು ನೋಡಿದಳು. "ಯಾವಾಗಿಂದ್ರಿ?"

ಪ್ರೊಫೆಸರರು ಹುಡುಕುತ್ತಿದ್ದದ್ದೂ ಅದೇ ಪ್ರಶ್ನೆಗೆ ಉತ್ತರವನ್ನು. ನಾನು "ಮೊನ್ನಿಯಿಂದ" ಎಂದೆ. ಚೆನ್ನವ್ವ ಬುಟ್ಟಿ ತಲೆಯ ಮೇಲೆ ಬೋರಲು ಹಾಕಿಕೊಂಡು ಹೋದಳು.

ಆ ವಾರವೇ ಮೊದಲ ಕುಣಿ ಸಿಕ್ಕಿತು. ಮೊಳದಾಳದಲ್ಲಿ ಒಂದು ಚಪ್ಪಡಿ. ಎತ್ತಿದರೆ ಕೆಳಗೆ ಕಿರಿದಾದ ಬಾಯಿ, ಒಳಗೆ ದೊಡ್ಡ ಹೊಟ್ಟೆ. ಒಳಗೆಲ್ಲ ಜರಿದುಬಿದ್ದ ಮಣ್ಣು. ನೆಲದಡಿಯ ಹಗೇವು ಕಂಡವರಿಗೆ ಹೇಳಬೇಕಾಗಿಲ್ಲ, ಜೋಳ ತುಂಬಿಡುವ ಹಗೇವಿನ ಆಕಾರ ಥೇಟು ಹಾಗೇ. ಹುಸೇನಸಾಬನೇ ಮೊದಲು ಅಂದ, "ಹಗೇವು ಸಾಹೇಬ್ರ!" ಹತ್ತು ದಿನದಲ್ಲಿ ಇನ್ನೂ ಆರು ಸಿಕ್ಕವು. ಏಳೂ ಒಂದೇ ಸಾಲಿನಲ್ಲಿ. ಆರಕ್ಕೆ ಚಪ್ಪಡಿ ಇತ್ತು, ಪ್ರತಿ ಚಪ್ಪಡಿಯ ಮೇಲೆ ಗೀಚಿದ ಒಂದೊಂದು ಗುರುತು. ಒಂದರ ಮೇಲೆ ಮೂರು ಗೆರೆ, ಇನ್ನೊಂದರ ಮೇಲೆ ಕತ್ತರಿ, ಮತ್ತೊಂದರ ಮೇಲೆ ಹಾರೆಯ ಚಿತ್ರ. ಪ್ರತಿ ಕುಣಿಯ ತಳದಲ್ಲೂ ಸುಟ್ಟು ಕರಕಾದ ಜೋಳದ ಕಾಳು. ಏಳನೆಯದಕ್ಕೆ ಚಪ್ಪಡಿ ಇರಲಿಲ್ಲ, ಮೇಲ್ಭಾಗ ಪೂರ್ತಿ ಕುಸಿದಿತ್ತು. ಅದರ ತಳದಲ್ಲಿ ಕಾಳಿನ ಜೊತೆ ಹಸಿರು ಗಾಜಿನ ಬಳೆಯ ನಾಲ್ಕು ಚೂರು.

ಇನ್ನೇನು ಬೇಕು? ಕಾಳು ಬಂತು, ಸಾಲು ಬಂತು, ಗುರುತು ಬಂತು. ಚಹಾದ ಹೊತ್ತಿನಲ್ಲಿ ಕೇಳಿದ್ದೆಲ್ಲ ಕಣ್ಣ ಮುಂದೆ ಬಂದು ಕೂತಿತ್ತು!

ಪ್ರೊಫೆಸರರು ತಲೆ ಕೆರೆದುಕೊಂಡರು. "ಹಗೇವು ಇರಬಹುದು ಮೇಷ್ಟ್ರೇ. ಸಾಮೂಹಿಕ ಕಣಜವೂ ಇರಬಹುದು. ಆದರೆ ಗಾಜು ನನಗೆ ಸರಿ ಕಾಣ್ತಿಲ್ಲ. ಇನ್ನೂ ನೋಡಬೇಕು."

ಅವರು "ಬಹುದು" ಎಂದದ್ದು ಎರಡು ಸಲ. ನಾನು ಎರಡನ್ನೂ ತೆಗೆದುಹಾಕಿ ನಿಮಗೆ ಬರೆದೆ. ಗಾಜಿನ ಮಾತನ್ನು ಬರೆಯಲೇ ಇಲ್ಲ. ಅವರು ಬಳೆಯ ಚೂರುಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ, ಚೀಟಿಯ ಮೇಲೆ ನಂಬರು, ಆಳ ಅಷ್ಟೇ ಬರೆದಿದ್ದರು. ಅವರು ಆ ಕಡೆ ಹೋದಾಗ ಅದರ ಕೆಳಗೆ ಪೆನ್ಸಿಲಿನಿಂದ "ರಾಣಿ" ಎಂದು ಸೇರಿಸಿದವನೂ ನಾನೇ.

ಚೆನ್ನವ್ವ ಎರಡನೇ ಸಲ ಬಂದದ್ದು ಆ ಸಂಭ್ರಮದಲ್ಲಿ. ಮೊಮ್ಮಗಳು ಶಾಂತವ್ವ ಹೆಣ್ಣು ಕೂಸು ಹಡೆದಿದ್ದಳು. ಮುದುಕಿ ಕೈಯಲ್ಲಿ ಒಂದು ಚೂರು ಬೆಲ್ಲ ಹಿಡಿದು ಬಂದಿದ್ದಳು.

"ಬಾಣಂತಿ ಅದಾಳ್ರಿ. ಮ್ವಾಡ ಕಟ್ಟಾಕತ್ತೈತಿ. ಈಗರ ಒಯ್ಯಲೇನ್ರಿ?"

ಬೆಲ್ಲ ತಿಂದೆ. ತಿಂದು ಹೇಳಿದೆ, "ಹಂಗ ಬಾಯಿಮಾತಿಲೆ ಆಗೂದಿಲ್ರಿ. ಒಂದ ಅರ್ಜಿ ಕೊಡ್ರಿ."

"ಮಣ್ಣಿಗಿ ಅರ್ಜಿ ಏನ್ರಿ?"

"ಪದ್ಧತಿ ಐತ್ರಿ."

"ನನಗೆಲ್ಲಿ ಬರಿಯಾಕ ಬರತೈತ್ರಿ?"

"ನಾ ಬರದ ಕೊಡ್ತೇನಿ, ತಗೋರಿ."

ಬರೆದೆ. 'ಮಾನ್ಯರ ಸನ್ನಿಧಿಗೆ' ಎಂದು ಶುರು ಮಾಡಿ, ಸದರಿ ದಿಬ್ಬದಿಂದ ಹತ್ತು ಬುಟ್ಟಿ ಮಣ್ಣು ಒಯ್ಯಲು ಅಪ್ಪಣೆ ಆಗಬೇಕು ಎಂದು ಮುಗಿಸಿದೆ. ಚೆನ್ನವ್ವ ಹೆಬ್ಬೆಟ್ಟು ಒತ್ತಿದಳು. ಅರ್ಜಿ ಬರೆದವನು ನಾನು, ಇಸಿದುಕೊಂಡವನು ನಾನು, ವಿಚಾರ ಮಾಡಿ ಹೇಳುತ್ತೇನೆ ಎಂದು ಫೈಲಿನಲ್ಲಿ ಇಟ್ಟವನೂ ನಾನೇ. ಆ ಫೈಲನ್ನು ಮತ್ತೆ ತೆರೆಯಲಿಲ್ಲ. ಯಾಕೆಂದರೆ ನಿಮಗಾಗಿ ರಾಣಿಯ ಬಗ್ಗೆ ಬರೆಯುವುದಿತ್ತು.

ಹೌದು, ಪ್ರೊಫೆಸರರಿಗೆ ಈ ಅರ್ಜಿಯ ಸುದ್ದಿ ಹೇಳಲೂ ಇಲ್ಲ. ಇಂಥ ಸಣ್ಣ ವಿಷಯವನ್ನು ದೊಡ್ಡವರ ತನಕ ಒಯ್ಯುವುದುಂಟೇ? (ತಾಲೂಕು ಕಚೇರಿಯಲ್ಲಿ ಈ ಮಾತನ್ನು ನೀವು ಎಷ್ಟು ಸಲ ಕೇಳಿದ್ದೀರಿ? ನಾನೂ ಕೇಳಿದ್ದೇನೆ. ಪ್ರತಿ ಸಲ ಹಲ್ಲು ಕಡಿದಿದ್ದೇನೆ.)

ರೋಹಿಣಿ ಮಳೆ ಈ ಸಲ ಮೊದಲ ದಿನವೇ ಹಿಡಿಯಿತು. ಮಧ್ಯಾಹ್ನ ಊಟ ಮುಗಿಸಿ ಎದ್ದಿದ್ದೆ. ಗಾಳಿ, ಹಿಂದೆಯೇ ದಪ್ಪ ದಪ್ಪ ಹನಿ, ಆಮೇಲೆ ಒಂದೇ ಸಮನೆ ಧಾರೆ. ಎರಡು ತಾಸು. ದಿಬ್ಬದ ಮೇಲೆ ಹುಸೇನಸಾಬನ ಗ್ಯಾಂಗು ತಾಡಪತ್ರಿ ಹೊದಿಸಲು ಓಡಾಡುತ್ತಿತ್ತು. ಏಳೂ ಕುಣಿಗಳಿಗೆ ಏಳು ತಾಡಪತ್ರಿ. ಕುಣಿಗಳೊಳಗೆ ಒಂದು ಹನಿ ಬೀಳಲಿಲ್ಲ.

ಮಳೆ ಸ್ವಲ್ಪ ಕಡಿಮೆಯಾದಾಗ ಛತ್ರಿ ಹಿಡಿದು ದಿಬ್ಬದಿಂದ ಮನೆಗೆ ಬರುತ್ತಿದ್ದೆ. ದಾರಿಯಲ್ಲಿ ಚೆನ್ನವ್ವನ ಮನೆ. ಬಾಗಿಲು ತೆರೆದಿತ್ತು. ಒಳಗೆ ಹೊರಗಿಗಿಂತ ಜೋರು ಮಳೆ!

ಮಾಳಿಗೆಯಿಂದ ಕೆಂಪು ನೀರು ಇಳಿಯುತ್ತಿತ್ತು. ಬಾಣಂತಿಯ ಹೊರಸನ್ನು ಆ ಮೂಲೆಯಿಂದ ಈ ಮೂಲೆಗೆ ಎಳೆದಿದ್ದರು, ಅಲ್ಲೂ ಸೋರುತ್ತಿತ್ತು. ಹೊರಸಿನ ಕೆಳಗಿನ ಕೆಂಡದ ಬೋಗಣಿಯಲ್ಲಿ ನೀರು ನಿಂತು ಬರೀ ಹೊಗೆ. ಸೊಸೆ ಕಂಡಲ್ಲೆಲ್ಲ ಪಾತ್ರೆ ಇಡುತ್ತಿದ್ದಳು. ಶಾಂತವ್ವ ಗೋಡೆಗೆ ಒತ್ತಿಕೊಂಡು ಕೂತಿದ್ದಳು. ಚೆನ್ನವ್ವ ಮೊರವೊಂದನ್ನು ಎರಡೂ ಕೈಯಿಂದ ಎತ್ತಿ ಹಿಡಿದು ನಿಂತಿದ್ದಳು. ಮೊರದ ಕೆಳಗೆ, ತಾಯಿಯ ತೊಡೆಯ ಮೇಲೆ, ಒಂಬತ್ತು ದಿನದ ಕೂಸು.

ಕುಣಿಗಳಿಗೆ ತಾಡಪತ್ರಿ, ಕೂಸಿಗೆ ಮೊರ. ನನಗೆ ನಾಚಿಕೆಯಾಯಿತು. ಇದನ್ನು ಸುತ್ತಿ ಬಳಸಿ ಹೇಳಲಾರೆ, ನಾಚಿಕೆಯಾಯಿತು, ಅಷ್ಟೇ.

ನಾನು ಬಾಡಿಗೆಗೆ ಇರುವುದು ಹಂಚಿನ ಮನೆ, ಒಬ್ಬನೇ. "ಅಲ್ಲಿಗೆ ನಡೀರಿ" ಎಂದೆ. ಅವರು ಹೊರಟರು. ಛತ್ರಿ ನಾನು ಹಿಡಿದೆ. ನನ್ನ ಮನೆಯ ಹೊಸ್ತಿಲಲ್ಲಿ ಚೆನ್ನವ್ವ ಮಾತ್ರ ಒಂದು ಕ್ಷಣ ನಿಂತಳು.

"ಇಲ್ಲಿ ಅರ್ಜಿ ಬ್ಯಾಡೇನ್ರಿ?"

ಕೇಳಿದ್ದು ನಗುತ್ತಲೇ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮರುದಿನ ಬೆಳಗ್ಗೆ ಬಿಸಿಲು ಬಿದ್ದಿತ್ತು. ಪ್ರೊಫೆಸರರು, ಶಿಷ್ಯರು, ಹುಸೇನಸಾಬ ತಾಡಪತ್ರಿ ಬಿಚ್ಚುತ್ತಿದ್ದರು. ಚೆನ್ನವ್ವ ಬುಟ್ಟಿ ಹಿಡಿದು ಬಂದಳು. ಈ ಸಲ ಹಗ್ಗದ ಆಚೆ ನಿಲ್ಲಲಿಲ್ಲ. ಒಂದು ಕೈಯಿಂದ ಹಗ್ಗ ಎತ್ತಿ, ಬಗ್ಗಿ, ಒಳಗೆ ಬಂದಳು.

ನಾನು ಸೀಟಿ ಊದಿದೆ.

ನಂಬಿ, ಬೇಕೆಂದು ಊದಿದ್ದಲ್ಲ. ರಾತ್ರಿಯೆಲ್ಲ ಆ ಕೂಸು ನನ್ನ ಮನೆಯಲ್ಲೇ ಮಲಗಿತ್ತು. ಅದರ ಮುತ್ತಜ್ಜಿಯನ್ನು ತಡೆಯುವ ಮನಸ್ಸು ನನಗೆ ಎಲ್ಲಿಂದ ಬರಬೇಕು? ಆದರೂ ಕೈ ತಾನೇ ಕೊರಳಿಗೆ ಹೋಯಿತು. ತಿಂಗಳೊಪ್ಪತ್ತಿನಲ್ಲಿ ಅಭ್ಯಾಸ ಅಷ್ಟು ಗಟ್ಟಿಯಾಗಿತ್ತು. ಚೆನ್ನವ್ವ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಕುಣಿಗಳ ಹತ್ತಿರ ಬಂದು ನಿಂತಳು. ಅಗೆದ ಮೇಲೆ ಅವುಗಳನ್ನು ಅವಳು ಅಂದೇ ಮೊದಲು ನೋಡಿದ್ದು. ಅಲ್ಲಿಯವರೆಗೆ ನಾನು ಊರವರನ್ನು ಹತ್ತಿರವೇ ಬಿಟ್ಟಿರಲಿಲ್ಲವಲ್ಲ.

"ಅಯ್ಯ, ಇವನ್ಯಾಕ ತಗದ್ರಿ?" ಎಂದಳು.

"ಇವು ಏನು ಅಂತ ಗೊತ್ತೇನಮ್ಮ?" ಪ್ರೊಫೆಸರರು ಕೇಳಿದರು.

"ಗೊತ್ತಿಲ್ದೇನ್ರಿ? ಮಣ್ಣ ತಗದ ಕುಣಿ. ನಮ್ಮತ್ತಿ ಕಾಲದಾಗ ಇಲ್ಲೇ ತಗೀತಿದ್ರು."

ನಾನು ಬಾಯಿ ಹಾಕಿದೆ. "ಹಗೇವು ಅಲ್ಲೇನ್ರಿ ಚೆನ್ನವ್ವಾರ? ಬಾಯಿ ಸಣ್ಣದೈತಿ, ಚಪ್ಪಡಿ ಐತಿ."

"ಹಗೇವು ಊರಾಗ ಇರ್ತಾವ್ರಿ ಮಾಸ್ತರ್ರ, ಹಾಳೂರಾಗ ಯಾರ್ ಜ್ವಾಳ ಇಡ್ತಾರ? ಮ್ಯಾಲಿನ ಮಣ್ಣು ಬರೇ ಬೇರು, ಮಡಕಿ ಬೋಕಿ. ಕೆಳಗಿಂದು ಹಿಟ್ಟಿನಂಗ ಇರತೈತಿ. ಬಾಯಿ ದೊಡ್ಡದ ಮಾಡಿದ್ರ ದನ ಬೀಳ್ತಾವು. ಅದಕ್ಕ ಸಣ್ಣ ಬಾಯಿ, ಒಳಗ ಹೊಟ್ಟಿ, ಮ್ಯಾಲ ಕಲ್ಲು."

"ಕಲ್ಲಿನ ಮೇಲೆ ಈ ಗುರುತು?" ಪ್ರೊಫೆಸರರು ಅಷ್ಟರಲ್ಲಿ ಟಿಪ್ಪಣಿ ಪುಸ್ತಕ ತೆರೆದಿದ್ದರು.

"ಮನಿಗೊಂದು ಕುಣಿ, ಕುಣಿಗೊಂದು ಗುರ್ತು. ಮೂರ ಗೆರಿದು ನಮ್ಮದು. ಹಾರಿದು ಕಲ್ಲಕುಟಿಗರ ಮನೀದು."

"ಮತ್ತೆ ಸುಟ್ಟ ಜೋಳ?"

"ಮೊದಲ್ನೇ ಬುಟ್ಟಿ ತುಂಬೂ ಮುಂಚೆ ಕುಳ್ಳಿನ ಕೆಂಡದ ಮ್ಯಾಲ ಒಂದ ಹಿಡಿ ಜ್ವಾಳ ಹಾಕಿ ಒಳಗ ಇಳಸ್ತೇವ್ರಿ. ಭೂಮಿತಾಯಿಗಿ ಉಡಿ ಅದು. ಹೊಗಿ ಆಡಿದ್ರ ಚೇಳೂ ಹೊರಗ ಬೀಳ್ತಾವು, ಅದೂ ಒಂದು. ಈಗೂ ಅಂಚಿನಾಗ ಮಣ್ಣ ತಗಿಯೂ ಮುಂಚೆ ಮಾಡ್ತೇವಿ."

ಕಣಜ ಹೋಯಿತು. ಕಾವಲುಗಾರ ಹೋದ. ಗುರುತು ಹಾಕುವವನೂ ಹೋದ. ಮೂರು ಮಾತಿನಲ್ಲಿ ನನ್ನ ರಾಜ್ಯ ಮುಳುಗಿತು. ಹಾನಗಲ್ಲಿನ ಹಿರಿಯರು ಅಲ್ಲಿದ್ದಿದ್ದರೆ ಪೇಢೆ ಹಂಚುತ್ತಿದ್ದರು.

ಗೆರೆ, ಕತ್ತರಿ, ಹಾರೆ ನೋಡುತ್ತ ನಡೆದ ಚೆನ್ನವ್ವ ಏಳನೇ ಕುಣಿಯ ಹತ್ತಿರ ಬಂದು ನಿಂತುಬಿಟ್ಟಳು. ಬುಟ್ಟಿ ಕೆಳಗಿಟ್ಟಳು.

"ಇದನ್ನೂ ತಗದೀರಿ?"

ಪ್ರೊಫೆಸರರು ತಲೆಯಾಡಿಸಿದರು.

"ಇದು ರುದ್ರವ್ವಂದು. ನಮ್ಮತ್ತಿ ತಂಗಿ. ನಾ ಲಗ್ನಾಗಿ ಬಂದ ಮೊದಲ್ನೇ ಬ್ಯಾಸಗಿ, ಅಕೀ ಒಳಗ ಕುಂತು ಮಣ್ಣ ತುಂಬಾಕತ್ತಿದ್ಲು. ನಾ ಮ್ಯಾಲ ನಿಂತು ಬುಟ್ಟಿ ಇಸಗೋತಿದ್ದೆ. ಮ್ಯಾಲಿಂದೆಲ್ಲಾ ಕುಸೀತು. ಅಗದು ತಗಿಯೂದ್ರಾಗ ಮುಗದಿತ್ತು."

ಪ್ರೊಫೆಸರರು ಶಿಷ್ಯನಿಗೆ ಸನ್ನೆ ಮಾಡಿದರು. ಅವನು ಡೇರೆಯಿಂದ ಬಟ್ಟೆಯ ಚೀಲ ತಂದ. ಅವರು ನಾಲ್ಕು ಹಸಿರು ಚೂರುಗಳನ್ನು ಅಂಗೈ ಮೇಲೆ ಸುರಿದು ಮುದುಕಿಯ ಮುಂದೆ ಹಿಡಿದರು. ಚೆನ್ನವ್ವ ಮುಟ್ಟಲಿಲ್ಲ. ಬಗ್ಗಿ ನೋಡಿದಳು.

"ಹೂಂ. ಅಕೀ ಬಳಿನ ಇವು. ಅಕೀನ್ನ ಎಳದು ತಗೀವಾಗ ಒಡದ್ವು. ಅದರಾಗ ಯಾರ್ ಬಳಿ ಆರಿಸ್ಕೋತ ಕುಂಡ್ರತಾರ್ರಿ?"

ನಾನು ನಿಮಗೆ "ರಾಣಿಯ ಬಳೆ" ಎಂದು ಬರೆದದ್ದು ಇದನ್ನೇ.

ಪ್ರೊಫೆಸರರು ಚೂರುಗಳನ್ನು ಮತ್ತೆ ಚೀಲಕ್ಕೆ ಹಾಕಿ ಕೇಳಿದರು. "ಆಮೇಲೆ ಕುಣಿ ತೋಡೋದನ್ನು ಬಿಟ್ಟಿರಾ?"

"ಅವತ್ತ ಬಂದ್ ಆತ್ರಿ. ಅಂದಿನಿಂದ ಅಂಚಿನಾಗ, ತೆರದ ಜಾಗಾದಾಗ ಅಷ್ಟ ತಗಿಯೂದು."

"ಯಾರು ಬಂದ್ ಮಾಡಿಸಿದರು? ಗೌಡರಾ?"

"ಗೌಡಗ ಮಣ್ಣಿನ ಸುದ್ದಿ ಏನ್ ಗೊತ್ರಿ? ಹೆಣಮಕ್ಕಳ ಕೆಲಸ ಇದು. ಯಾರೂ ಮಾಡಸ್ಲಿಲ್ಲ."

"ಯಾರಾದರೂ ಮೀರಿದರೆ?"

ಚೆನ್ನವ್ವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾಕ ಮೀರ್ತಾರ್ರಿ? ಎಲ್ಲಾರೂ ರುದ್ರವ್ವನ್ನ ಕಂಡಿದ್ರಲ್ಲ."

ಐವತ್ತೈದು ವರ್ಷ! ಹಗ್ಗ ಇಲ್ಲ, ಸೀಟಿ ಇಲ್ಲ, ಅರ್ಜಿ ಇಲ್ಲ. ಒಬ್ಬರೂ ಆ ಬದಿಗೆ ಮತ್ತೆ ಗುದ್ದಲಿ ಹಾಕಲಿಲ್ಲ. ಮೇಲೆ ಮಣ್ಣು ಕೂತು, ಹುಲ್ಲು ಬೆಳೆದು, ಚಪ್ಪಡಿಗಳು ಮುಚ್ಚಿಹೋಗುವಷ್ಟು ಕಾಲ ಆ ಮಾತು ನಡೆಯಿತು. ನಮ್ಮ ಶಾಲೆಯ ಅಂಗಳದಲ್ಲಿ 'ಇಲ್ಲಿ ಉಗುಳಬಾರದು' ಎಂದು ಬೋರ್ಡು ಹಾಕಿದ್ದೇವೆ. ಬೋರ್ಡಿನ ಮೇಲೆಯೇ ಉಗುಳಿದ್ದಾರೆ.

ಪ್ರೊಫೆಸರರು ಪುಸ್ತಕ ಮುಚ್ಚಿ, ಕೆಳಗಿದ್ದ ಖಾಲಿ ಬುಟ್ಟಿ ನೋಡಿದರು. "ಇದೇನಮ್ಮ?"

"ಮಣ್ಣಿಗಿ ಬಂದಿದ್ದೆ. ಮಾಳಗಿ ಸೋರಿ ಬಾಣಂತಿ ತೊಯ್ದಾಳ್ರಿ."

"ಅಯ್ಯೋ, ಮಳೆಗೆ ಮುಂಚೆ ಒಯ್ಯಬಾರದಿತ್ತಾ? ನಮ್ಮ ಕೆಲಸ ಇಷ್ಟೇ ಜಾಗದಲ್ಲಿ. ಆ ಕಡೆ ಅಂಚಿನ ಮಣ್ಣು ಒಯ್ಯೋಕೆ ನಿಮಗೆ ಬೇಡ ಅಂದವರು ಯಾರು?"

ಹುಸೇನಸಾಬ ಆಕಾಶ ನೋಡಿದ. ಶಿಷ್ಯರು ತಮ್ಮ ಚಪ್ಪಲಿ ನೋಡಿಕೊಂಡರು. ಚೆನ್ನವ್ವ ನನ್ನ ಹೆಸರು ಹೇಳಲಿಲ್ಲ. ನನ್ನ ಕೊರಳಿನ ಸೀಟಿ ಒಮ್ಮೆ ನೋಡಿ, "ದೇವರು ವರಾ ಕೊಟ್ರೂ ಪೂಜಾರಿ ಕೊಡಬೇಕಲ್ರಿ" ಎಂದಳು.

ಪ್ರೊಫೆಸರರು ಬಯ್ಯುವ ಜನ ಅಲ್ಲ. "ನಾನು ಹೇಳಿದ್ದು ಗುಂಡಿಯ ಸುತ್ತ ಮಾತ್ರ ಮೇಷ್ಟ್ರೇ" ಎಂದರು, ಅಷ್ಟೇ. ಇಡೀ ದಿಬ್ಬಕ್ಕೆ ಹಗ್ಗ ಬಿದ್ದದ್ದನ್ನು ಅವರೂ ನೋಡಿದ್ದರು. ಊರವರೇ ದನ ಬಾರದಂತೆ ಕಟ್ಟಿಕೊಂಡಿದ್ದಾರೆ ಎಂದುಕೊಂಡಿದ್ದರಂತೆ. ಊರವರೋ, ಅದು ಪ್ರೊಫೆಸರರು ಕಟ್ಟಿಸಿದ್ದು ಎಂದುಕೊಂಡಿದ್ದರು. ನಡುವೆ ನಾನು ಖುರ್ಚಿಯಲ್ಲಿ ಕೂತಿದ್ದೆ.

ಆ ದಿನ ಹಗ್ಗ ನಾನೇ ಬಿಚ್ಚಿದೆ. ಹುಸೇನಸಾಬನ ಗ್ಯಾಂಗು ಮಣ್ಣು ಹೊತ್ತಿತು, ನಾನೂ ಆರು ಬುಟ್ಟಿ ಹೊತ್ತೆ. (ಎರಡು ದಿನ ಕುತ್ತಿಗೆ ತಿರುಗಲಿಲ್ಲ.) ಅದಕ್ಕೂ ಮೊದಲು ಚೆನ್ನವ್ವ ಕುಳ್ಳಿನ ಕೆಂಡ ತಂದು ಅಂಚಿನಲ್ಲಿ ಇಟ್ಟು, ನನ್ನ ಕೈಗೆ ಒಂದು ಹಿಡಿ ಜೋಳ ಕೊಟ್ಟು ಹಾಕಿಸಿದಳು. ಹೊಗೆ ಎದ್ದಿತು. ಒಂದು ಚೇಳು ನಿಜವಾಗಿಯೂ ಹೊರಗೆ ಬಂತು. ನಾನು ಹಾರಿದ್ದನ್ನು ನೋಡಿ ಊರ ಹೆಣ್ಣುಮಕ್ಕಳು ಇವತ್ತಿಗೂ ನಗುತ್ತಿದ್ದಾರೆ.

ಮಾಳಿಗೆ ಈಗ ಗಟ್ಟಿಯಾಗಿದೆ. ಕೂಸು ಅಲ್ಲಿಗೆ ಮರಳಿದೆ. ಮಿರಗದ ಮೊದಲ ಮಳೆ ಬಂದು ಹೋಯಿತು, ಒಂದು ಹನಿ ಸೋರಲಿಲ್ಲ. ಬಳೆಯ ಚೀಲದ ಚೀಟಿಯ ಮೇಲೆ ನಾನು ಬರೆದಿದ್ದ "ರಾಣಿ"ಯನ್ನು ಚೆನ್ನವ್ವನ ಎದುರಿಗೇ ಅಳಿಸಿ, "ರುದ್ರವ್ವ" ಎಂದು ಬರೆದೆ. ಓದಲು ಬಾರದಿದ್ದರೂ ಅವಳು ಅದನ್ನು ಕೈಯಲ್ಲಿ ಹಿಡಿದು ನೋಡಿದಳು. ಪೇಪರಿನಲ್ಲೂ ಅಳಿಸಬೇಕು ಎಂದದ್ದು ಆಮೇಲೆ. ಇದೋ, ಅಳಿಸಿದ್ದೇನೆ.

ಪ್ರೊಫೆಸರರು ಸಾಮಾನು ಕಟ್ಟಿಕೊಂಡು ಹೋದರು. ಅವರಿಗೇನೂ ಬೇಸರವಿಲ್ಲ. ಕುಣಿಗಳಿಗಿಂತ ಕೆಳಗೆ ಇನ್ನೂ ಹಳೆಯ ಪದರು ಇದೆಯಂತೆ, ದೀಪಾವಳಿ ಆದ ಮೇಲೆ ಬೇರೆ ಕಡೆ ಅಗೆಯುತ್ತಾರೆ. ಈ ಸಲ ಆಳುಗಳು ಊರವರೇ, ಮೊದಲು ಕೇಳುವುದು ಚೆನ್ನವ್ವನನ್ನೇ. ಅಲ್ಲಿ ಏನಾದರೂ ಸಿಗಬಹುದು. (ಗಮನಿಸಿ: ಬಹುದು.)

ಇನ್ನು ಪತ್ರಗಳಿಗೆ ಉತ್ತರ. ಶಿಗ್ಗಾವಿಯ ತಂಗಿಗೆ: ಬಳೆಯ ಬಣ್ಣ ಹಸಿರು. ಹಾನಗಲ್ಲಿನ ಹಿರಿಯರಿಗೆ: ನಿಮ್ಮ ರಾಜಧಾನಿಗೆ ಧಕ್ಕೆ ಇಲ್ಲ, ನೆಮ್ಮದಿಯಾಗಿ ಇರಿ.

ಯಲವಿಗಿಯ ಮಿತ್ರರು ರಾಜನ ಹೆಸರು ಕೇಳಿದ್ದರು. ಹೆಸರು ಹೇಳಲು ನಾಚಿಕೆಯಾಗುತ್ತದೆ, ಆದರೆ ನಮ್ಮ ದಿಬ್ಬದ ಮೇಲೆ ರಾಜ್ಯ ಹುಟ್ಟಿದ್ದು ಯಾವಾಗ ಎಂದು ನಿಖರವಾಗಿ ಹೇಳಬಲ್ಲೆ: ಈ ಬೇಸಿಗೆಯ ಒಂದು ಮಂಗಳವಾರ, ಮುಂಜಾನೆ ಹತ್ತಕ್ಕೆ, ಮುದುಕಿಯೊಬ್ಬಳು ತನ್ನದೇ ಮಣ್ಣಿಗೆ ನನ್ನ ಅಪ್ಪಣೆ ಕೇಳಿದಾಗ.